ಸ್ಟೆಪ್ನಿ

ಅಕ್ಕ ತಂಗಿಯನ್ನು ಕರೆಯುತ್ತಿದ್ದುದೇ ‘ಸ್ಟೆಪ್ನಿ’ ಎಂದು. ಗಾಡಿಯ ಬೆನ್ನಿಗೆ ಕಟ್ಟಿಕೊಂಡಿರುವ ಹೆಚ್ಚುವರಿ ಚಕ್ರ. ತಂಗಿಗೆ ಅದರ ಬೇಜಾರಿರಲಿಲ್ಲ. ಚಕ್ರವಾಗಿದ್ದಕ್ಕೇ ಮನೆಯಲ್ಲಿ ಅವಳಿಗೆ ರಾಜೋಪಚಾರ. ಸೀನಿದರೆ ಸಾಕು, ಅಮ್ಮ ಮಫ್ಲರ್ ಹಿಡಿದು ಓಡಿಬರುತ್ತಿದ್ದಳು. ಅಕ್ಕನ ಮೂಳೆಮಜ್ಜೆ ಬತ್ತುತ್ತಿತ್ತು. ಒಂದಲ್ಲ ಒಂದು ದಿನ ತಂಗಿಯದನ್ನು ಅವಳಿಗೆ ಹಾಕಬೇಕು. ತಂಗಿಯನ್ನು ಹೆತ್ತದ್ದೇ ಅದಕ್ಕೆ. ಹುಟ್ಟಿದ ಕೂಡಲೇ ಹೊಂದಾಣಿಕೆ ನೋಡಿಸಿದ್ದರು. ಹೇಳಿ ಮಾಡಿಸಿದಂತೆ ಹೊಂದಿತ್ತು.

ಈಗ ಆ ದಿನ ಬಂದಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿ, ಪರದೆಯ ಮೇಲೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಳು.

“ನಮ್ಮೆಲ್ಲರ ಡಿಎನ್‌ಎಗೂ ದಿನಾ ಪೆಟ್ಟು ಬೀಳುತ್ತೆ. ಜೀವಕೋಶ ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಇವರ ರಕ್ತಕ್ಕೆ ಡಿಎನ್‌ಎಯ ಎರಡೂ ಎಳೆ ಅಂಟಿಸೋ ಮದ್ದು ಹಾಕಿ ನೋಡಿದ್ವಿ. ಆರೋಗ್ಯವಾಗಿರೋ ಕೋಶ ಬಿಡಿಸ್ಕೊಳ್ಳುತ್ತೆ. ದೊಡ್ಡವಳದ್ದು ನೋಡಿ, ಕ್ರೋಮೋಸೋಮು ಚೂರುಚೂರು. ಒಂದರ ತುಂಡು ಇನ್ನೊಂದಕ್ಕೆ ಮೆತ್ಕೊಂಡಿದೆ.”

“ಗೊತ್ತಿರೋದೇ. ಚಿಕ್ಕವಳದ್ದು ತೋರ್ಸಿ,” ಎಂದಳು ಅಮ್ಮ.

“ಪಕ್ಕದ್ದು ಚಿಕ್ಕವಳದ್ದೇ.”

ತಂಗಿ ಕಣ್ಣರಳಿಸಿ ನೋಡಿದಳು. ಅಲ್ಲೂ ಅವೇ ಮುರಿದ ಕಡ್ಡಿಗಳು.

“ಇಷ್ಟು ವರ್ಷ ಇವಳಿಗೆ ಈ ಪರೀಕ್ಷೆ ಮಾಡಿಸ್ಲೇ ಇಲ್ವಾ?” ಎಂದಳು ಡಾಕ್ಟರಮ್ಮ.

ಇಲ್ಲ. ಅವಳು ಏನು ಕೊಡಬಲ್ಲಳೆಂದು ನೋಡಿದ್ದರೇ ಹೊರತು, ಅವಳಿಗೇನಾಗಿದೆಯೆಂದು ಯಾರೂ ನೋಡಿರಲಿಲ್ಲ.

“ಹಾಗಾದ್ರೆ ಇವಳದ್ದು ಹಾಕೋಕಾಗಲ್ವಾ?”

“ಅದೂ ಬತ್ತೋ ಮಜ್ಜೆನೇ ಅಮ್ಮಾ. ಮುಂದೆ ಕ್ಯಾನ್ಸರ್ ಭಯಾನೂ ಇದೆ. ಇವಳಿಗೇ ದಾನಿ ಬೇಕಾಗ್ತಾರೆ.”

“ಪಂಕ್ಚರ್ ಸ್ಟೆಪ್ನಿ,” ಎಂದು ಅಕ್ಕ ನಕ್ಕಳು.

ಅಮ್ಮ ಕುರ್ಚಿಯ ತುದಿಗೆ ಜರುಗಿದಳು. “ಇನ್ನೊಂದು ಹೆತ್ರೆ?”

“ಭ್ರೂಣ ಪರೀಕ್ಷೆ ಮಾಡಿ ಈ ಕಾಯಿಲೆ ಇಲ್ಲದ, ಹೊಂದೋ ಮಗೂನ ಆರಿಸಬಹುದು. ಚಿಕ್ಕವಳಿಗೆ ಆಗುತ್ತೆ.” ಡಾಕ್ಟರಮ್ಮ ದನಿ ತಗ್ಗಿಸಿದಳು. “ದೊಡ್ಡವಳಿಗೆ ಅಷ್ಟು ಸಮಯ ಇಲ್ಲ. ಹೊರಗಿನ ದಾನಿಗಳನ್ನ ಹುಡುಕ್ತಾನೇ ಇದ್ದೀವಿ, ಯಾರೂ ಸಿಕ್ಕಿಲ್ಲ.”

ದನಿ ತಗ್ಗಿಸಿದರೇನು, ಇಬ್ಬರಿಗೂ ಕೇಳಿಸಿತು.

ಲಿಫ್ಟಿನ ಮುಂದೆ ತಂಗಿ ಬೇಕೆಂದೇ ಸೀನಿದಳು. ಅಮ್ಮ ತಿರುಗಲಿಲ್ಲ, ಮತ್ತೆ ಸೀನಿದಾಗಲೂ ಇಲ್ಲ. ತಂಗಿ ಅಕ್ಕನ ಮುಖವನ್ನೇ ನೋಡುತ್ತ ಕೇಳಿದಳು:

“ಅಮ್ಮಾ, ಪಾಪು ಹುಟ್ಟಿದ್ಮೇಲೆ ಅದನ್ನ ನಾನು ಸ್ಟೆಪ್ನಿ ಅಂತ ಕರೀಲಾ?”

ಬಾಯಿಗೆ ಬಂದದ್ದನ್ನು ಎಂದೂ ನುಂಗದ ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು.

“ಕರೀವಿಯಂತೆ, ನಡಿ,” ಎಂದಳು ಅಮ್ಮ. ಚೀಲದಿಂದ ಮಫ್ಲರ್ ತೆಗೆದು ತಂಗಿಯ ಕೊರಳಿಗೆ ಸುತ್ತಿದಳು.