ಹಿಮ್ಮಡಿಗೆ ಸೂಜಿ

ಮೂಡುಬಿದಿರೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲಿದೆ. ಅದರ ಅಡುಗೆಮನೆಗೆ ಯಾರೂ ಚಪ್ಪಲಿ ಹಾಕಿಕೊಂಡು ಕಾಲಿಡಬಾರದು, ಇದು ನಮ್ಮತ್ತೆ ಮಾಡಿದ ನಿಯಮ. ಅತ್ತೆ ಹೋದ ಮೇಲೆ ಅದನ್ನು ಕಾಯುವ ಕೆಲಸ ನನ್ನದಾಯಿತು. ಬಾಯಿ ಮಾಡುವುದರಲ್ಲಿ ಅತ್ತೆಗಿಂತ ಈ ಪದ್ಮಲತಾ, ಅಂದರೆ ನಾನು, ಒಂದು ಕೈ ಹೆಚ್ಚೇ.

ಎರಡು ವರ್ಷದ ಹಿಂದೆ ದೋಸೆ ಹೊಯ್ಯುವ ಕಾಂತಿ ಹಿಮ್ಮಡಿ ನೋವು ಎಂದಳು. ಬೆಳಿಗ್ಗೆ ಆರರಿಂದ ಕಲ್ಲುನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವವಳು ಅವಳು.

"ಅಕ್ಕ, ಒಳಗೆ ಮಾತ್ರ ಹಾಕ್ಲಿಕ್ಕೆ ಒಂದು ಹೊಸ ಚಪ್ಪಲಿ ಇಡ್ತೇನೆ. ಅದನ್ನು ಹೊರಗೆ ಮೆಟ್ಟುವುದೇ ಇಲ್ಲ."

"ಇವತ್ತು ಚಪ್ಪಲಿ, ನಾಳೆ ಕುರ್ಚಿ, ನಾಡಿದ್ದು ಮಂಚ! ಕಳ್ಳನಿಗೊಂದು ಪಿಳ್ಳೆ ನೆವ. ಸುಮ್ಮನೆ ದೋಸೆ ಹೊಯ್ಯಿ ಮಾರಾಯ್ತಿ."

ತಿಂಡಿಗೆ ಕುಳಿತಿದ್ದವರು ನಕ್ಕರು. ನಾನೂ ನಕ್ಕೆ. ಕಾಂತಿ ಮತ್ತೆ ಆ ಮಾತೆತ್ತಲಿಲ್ಲ.

ಕಳೆದ ವರ್ಷ ನನಗೇ ಶುರುವಾಯಿತು. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದ ಹಾಗೆ. ಎಣ್ಣೆ ತಿಕ್ಕಿದೆ, ಬಿಸಿ ಇಟ್ಟಿಗೆಯ ಶಾಖ ಕೊಟ್ಟೆ, ಮಾತ್ರೆ ನುಂಗಿದೆ, ವ್ಯಾಯಾಮ ಮಾಡಿದೆ. ಕುಂಟುವುದು ಕಾಂತಿಯ ಕಣ್ಣಿಗೆ ಬೀಳಬಾರದೆಂದು ಗಲ್ಲಾ ಬಿಟ್ಟು ಏಳುತ್ತಲೇ ಇರಲಿಲ್ಲ. ನಾಚಿಕೆಗೇಡು, ಆದರೂ ಹೇಳುತ್ತೇನೆ.

ಕೊನೆಗೆ ಮಗಳು ಸಾಧನಾ ಬಂಟ್ವಾಳದ ಎಲುಬಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದಳು. ಅವರು ನನ್ನ ತೋಳಿನಿಂದಲೇ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದರು. ಮೇಲೆ ನಿಂತ ಹಳದಿ ನೀರನ್ನು ಸಿರಿಂಜಿಗೆ ಎಳೆದು ಹಿಮ್ಮಡಿಗೆ ಚುಚ್ಚಿದರು. ಪಿಆರ್‌ಪಿ ಅಂತೆ. ನಾನು ಕಿರುಚಿದ್ದು ಹೊರಗೆ ಕುಳಿತವರಿಗೂ ಕೇಳಿತು.

"ಗುಣ ಕಾಣ್ಲಿಕ್ಕೆ ಕೆಲವು ತಿಂಗಳು ಬೇಕು, ಎಲ್ಲರಿಗೂ ಒಂದೇ ರೀತಿ ಅಲ್ಲ," ಎಂದರು ಡಾಕ್ಟರು. "ಗಟ್ಟಿ ನೆಲದಲ್ಲಿ ಬರಿಗಾಲಲ್ಲಿ ನಿಂತರೆ ಇದು ಇನ್ನೂ ಜೋರಾಗ್ತದೆ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ ಅಮ್ಮ. ಅಡುಗೆಮನೆಯಲ್ಲೂ."

ನನ್ನ ಕಿವಿ ಬಿಸಿಯಾಯಿತು. ಬರುವಾಗ ಎರಡು ಜೊತೆ ಚಪ್ಪಲಿ ತೆಗೆದುಕೊಂಡೆ. "ಇನ್ನೊಂದು ಯಾರಿಗೆ ಅಮ್ಮ?" ಎಂದು ಸಾಧನಾ ಕೇಳಿದಳು. ನಾನು ಅಂಗಡಿಯವನಿಗೆ ದುಡ್ಡು ಎಣಿಸತೊಡಗಿದೆ.

ಮೂರನೆಯ ದಿನ ಚಪ್ಪಲಿಯ ಚೀಲ ಹಿಡಿದು ಅಡುಗೆಮನೆಗೆ ಹೋದೆ. 'ತಪ್ಪಾಯ್ತು ಕಾಂತಿ' ಎಂಬ ಎರಡೇ ಮಾತು. ಮನೆಯಿಂದ ಬರುವಷ್ಟು ದೂರವೂ ಅದನ್ನೇ ಬಾಯಿಪಾಠ ಮಾಡಿದ್ದೆ. ಬೈಯಲು ಅಷ್ಟು ಚುರುಕಾದ ಈ ಹಾಳು ನಾಲಿಗೆ ಅಲ್ಲಿ ಏಳಲೇ ಇಲ್ಲ.

ಕಾಂತಿ ನಾನು ಕುಂಟುವುದನ್ನು ನೋಡಿದಳು. ಬೆಂಕಿ ಸಣ್ಣ ಮಾಡಿ ಸ್ಟೂಲು ಎಳೆದು ಕೊಟ್ಟಳು.

"ಕೂತ್ಕೊಳ್ಳಿ ಅಕ್ಕ. ಸಾಧನಾ ಹೇಳಿದ್ಲು. ಇಂಜೆಕ್ಷನ್ ಕೊಡುವಾಗ ತುಂಬ ನೋವಾಯ್ತಾ?"

ಅವಳ ಮುಖದಲ್ಲಿ ಕೊಂಕು ಹುಡುಕಿದೆ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಎರಡು ವರ್ಷದಲ್ಲಿ ಒಂದು ದಿನವೂ ನಾನು ಅವಳನ್ನು ಹೀಗೆ ಕೇಳಿರಲಿಲ್ಲ.

"ನಿನ್ನ ಕಾಲು ಹೇಗುಂಟು?" ಎಂದೆ.

ಕಾಂತಿ ಕಾವಲಿಯ ಮೇಲಿನ ದೋಸೆಯನ್ನು ಮಗುಚಿದಳು.

"ಆಗ ಒಂದೇ ಕಾಲಿನಲ್ಲಿ ಇತ್ತಲ್ಲ ಅಕ್ಕ. ಈಗ ಎರಡರಲ್ಲೂ ಉಂಟು."