ಉಪ್ಪು ನೋಡುವ ಕೆಲಸ

ಎರಡನೇ ಸೀಟಿಯೋ ಮೂರನೆಯದೋ, ಎಣಿಕೆ ತಪ್ಪಿತು, ಕಾಲು ಗೋಡೆಗೆ ಎತ್ತಿಟ್ಟು ಚಾಪೆಯ ಮೇಲೆ ಬಿದ್ದುಕೊಂಡಿದ್ದೇನೆ, ಬೆಳಿಗ್ಗೆಯಿಂದ ವಾರ್ಡಿನಲ್ಲಿ ನಿಂತ ನೋವು ಹಿಮ್ಮಡಿಯಿಂದ ಮೆಲ್ಲಗೆ ತೊಡೆಗೆ ಇಳಿಯುತ್ತಿದೆ, ಅಡುಗೆಮನೆಯಿಂದ ಬೆಳ್ಳುಳ್ಳಿ, ಮೆಂತ್ಯದ ವಾಸನೆ — ನುಜಹತ್ ಗಂಜಿಗೆ ಇಟ್ಟಿದ್ದಾಳೆ, ರಂಜಾನಿನ ರೋಜಾ ಬಿಡಲು ಇನ್ನರ್ಧ ಗಂಟೆ, ಇನ್ನೇನು ಕರೆಯಬೇಕು, ರತ್ನಾ, ಉಪ್ಪು ನೋಡು ಬಾರೆ, ದಿನಾ ಹಾಗೇ ಕರೆಯುತ್ತಾಳೆ, ಕರೆಯುತ್ತಿದ್ದಳು, ಉಪವಾಸ ಇರುವವಳು ತಾನು ರುಚಿ ನೋಡುವುದಿಲ್ಲ, ನಾನು ಹೋಗಿ ಅಂಗೈ ಚಾಚಬೇಕು, ಸೌಟಿನ ತುದಿಯಿಂದ ಒಂದು ಬಿಸಿ ತೊಟ್ಟು ಬೀಳಬೇಕು, ಊದಿ ನೆಕ್ಕಿ ಇನ್ನೊಂದು ಚಿಟಿಕೆ ಹಾಕು ಅನ್ನಬೇಕು, ಅಲ್ಲಿತನಕ ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಾಳೆ. ಇವತ್ತು ಕರೆಯುತ್ತಾಳಾ. ಕರೆದರೆ ಸಾಕು, ಕಾಲು ಬಿದ್ದುಹೋದರೂ ಎದ್ದು ಹೋಗುತ್ತೇನೆ.

ಆ ಕುಕ್ಕರ್ ಅವಳದು, ಅದರಿಂದಲೇ ಎಲ್ಲ ಶುರುವಾದದ್ದು, ನಾನು ಸಾಸ್ವೆಹಳ್ಳಿಯಿಂದ ಈ ಜಗಳೂರಿಗೆ ನರ್ಸಾಗಿ ಬಂದೆ, ಅವಳು ಸಂತೇಬೆನ್ನೂರಿಂದ ಲ್ಯಾಬ್ ಕೆಲಸಕ್ಕೆ, ವಿಜಯಶ್ರೀ ನ್ಯಾಮತಿಯಿಂದ ಬ್ಯಾಂಕಿಗೆ, ಒಂದೇ ಮನೆ ಹಿಡಿದರೂ ಮೊದಲ ತಿಂಗಳು ಮೂವರೂ ಮೆಸ್ಸಿನ ಸೋಡಾ ಅನ್ನ ತಿಂದು ಹೊಟ್ಟೆ ಹಿಡಿದುಕೊಂಡು ಓಡಾಡಿದೆವು, ಒಂದು ಭಾನುವಾರ ನುಜಹತ್ ಬ್ಯಾಗಿನ ತಳದಿಂದ ಅದನ್ನು ಎತ್ತಿ ತೆಗೆದಳು, ನಮ್ಮ ಅಮ್ಮಿ ಕುಕ್ಕರ್ ಐತಿದು, ಇದ್ರಾಗೆ ಯಾರು ಏನ್ ಮಾಡಿದ್ರೂ ಕೆಡಲ್ಲ, ನೋಡ್ರೇ ಬೇಕಾದ್ರೆ. ಕೆಡಲಿಲ್ಲ. ನನ್ನ ಸಾರು, ಅವಳ ಬಗಾರಾ ಅನ್ನ, ವಿಜಯಶ್ರೀಗೆ ಬರುವುದು ಬೆಳ್ಳುಳ್ಳಿ ಸುಲಿಯುವುದೊಂದೇ, ಅದೂ ಮದುವೆ ಗೊತ್ತಾದ ಹುಡುಗನ ಜೊತೆ ಫೋನಿನಲ್ಲಿ ಮಾತಾಡುತ್ತ ಸುಲಿದರೆ ಒಂದು ಗಡ್ಡೆಗೆ ಒಂದು ತಾಸು, ಬಿಡೇ, ಅಷ್ಟೊತ್ತಿಗೆ ಬೆಳ್ಳುಳ್ಳಿ ಮೊಳಕೆ ಬರ್ತೈತೆ ಅಂತ ನುಜಹತ್ ಕಿತ್ತುಕೊಳ್ಳುತ್ತಿದ್ದಳು, ಎಷ್ಟು ನಗುತ್ತಿದ್ದೆವು, ಡ್ಯೂಟಿಯ ಸುಸ್ತೆಲ್ಲ ಆ ಒಲೆಯ ಮುಂದೆ ಇಳಿಯುತ್ತಿತ್ತು. ರಂಜಾನ್ ಬಂದಾಗ ಗಂಜಿಗೆ ಖೀಮಾ ಹಾಕಲಿಲ್ಲ, ಖೀಮಾ ಇಲ್ದಿದ್ರೆ ಅದೆಂಥ ಗಂಜಿ ಅಂತಾರೆ ನಮ್ಮ ಅಬ್ಬಾ, ನೀವಿಬ್ರೂ ಉಣ್ಣಲಿ ಅಂತ ಬಿಟ್ಟೀನಿ, ಅಂದಳು, ಅಂಥವಳಿಗೆ ನಾನು ಹೇಳಿದ ಮಾತು ಎಂಥದು — ನಾಲ್ಕನೇ ಸೀಟಿಯೋ ಏನೋ ಇದು — ಅವ್ವ ಬರ್ತಾಳೆ, ಎರಡೇ ದಿನ, ನಿನ್ನ ಪಾತ್ರೆ ಸ್ವಲ್ಪ ಒಳಗಿಟ್ಕಂತೀಯಾ, ಅವ್ವ ಹಳೇ ಕಾಲದಾಕಿ. ನುಜಹತ್ ಬೆಂಡೆಕಾಯಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ, ಆತು ಬಿಡು ಅಂದಳು. ಸಂಜೆ ನೋಡಿದರೆ ಕುಕ್ಕರ್, ತವಾ, ನೀಲಿ ಹೂವಿನ ಅವಳ ಟೀ ಕಪ್ಪು ಎಲ್ಲ ಚೀಲಕ್ಕೆ ಹೋಗಿತ್ತು, ಚೀಲ ಮಂಚದ ಕೆಳಗೆ. ಎರಡು ದಿನ ಲ್ಯಾಬಿನಲ್ಲೇ ಕೂತು ಖರ್ಜೂರ, ಬಾಳೆಹಣ್ಣಿನಲ್ಲಿ ರೋಜಾ ಬಿಟ್ಟಳಂತೆ, ಅದನ್ನೂ ಅವಳು ಹೇಳಲಿಲ್ಲ, ವಿಜಯಶ್ರೀ ಹೇಳಿದ್ದು.

ಅವ್ವ ಪಾತ್ರೆಯಲ್ಲಿ ಅನ್ನ ಬಸಿಯುತ್ತ ಕೇಳಿದಳು, ಕುಕ್ಕರ್ ಇಟ್ಟಿಲ್ವೇನೇ, ರಿಪೇರಿಗೆ ಕೊಟ್ಟೀನವ್ವ ಅಂದೆ, ಬಾಯಿ ತಡವರಿಸಲೇ ಇಲ್ಲ, ಸುಳ್ಳು ಎಷ್ಟು ಸಲೀಸಾಗಿ ಬಂತು. ಇವತ್ತು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತ ನಿಂತಾಗ ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂದಳು, ಕಸ ಹೊಡಿಯಾಕೆ ಬಗ್ಗಿದ್ನೆ, ಮಂಚದ ಕೆಳಗೆ ಚೀಲ ಸಿಕ್ತು, ನನಗೋಸ್ಕರ ಮುಚ್ಚಿಟ್ಟಿದ್ದೇನು, ನಾನು ಕೇಳಿದ್ನೇನೇ ನಿನ್ನ, ಪಕ್ಕದ ಮನೆ ಮುಮ್ತಾಜಮ್ಮನ ಕೈಯಾಗಿನ ಶಾವಿಗೆ ಪಾಯ್ಸ ವರ್ಷಾ ಕುಡಿಯಾಕಿ ನಾನು, ನಿನಗೆ ಹೆಂಗೆ ಗೊತ್ತಿರ್ತೈತೆ, ನೀನು ಹಾಸ್ಟೆಲಿನಾಗೇ ಬೆಳೆದಾಕಿ. ಉಪವಾಸ ಇರೋ ಹುಡುಗಿ ಉಣ್ಣೋ ಪಾತ್ರೆನ ಮಂಚದ ಕೆಳಗೆ ತಳ್ಳಿಯಲ್ಲೇ. ಬಸ್ಸು ಬಂತು, ಮೂವರಿಗೂ ಅಂತ ತಂದಿದ್ದ ರೊಟ್ಟಿ ಗಂಟು ಇನ್ನೂ ಬಿಚ್ಚಿಲ್ಲ ನೋಡು ಅಂತ ಕಿಟಕಿಯಿಂದ ಕೂಗಿದಳು. ಹಾಗಾದರೆ ಆ ಹೆದರಿಕೆ ಯಾರದು, ಅವ್ವನದಲ್ಲ, ನನ್ನದೇ, ಅವ್ವನ ಹೆಸರು ಮುಂದಿಟ್ಟು ನಾನೇ ಮಾಡಿದ್ದು, ದಿನವಿಡೀ ಇಂಜೆಕ್ಷನ್ ಚುಚ್ಚುತ್ತ ಇದೇ ಯೋಚನೆ, ನಾಚಿಕೆಯಿಂದಲೂ ಸುಸ್ತಾಗುತ್ತದೆ, ಮನೆಗೆ ಬಂದವಳೇ ತಪ್ಪಾಯ್ತು ನುಜಹತ್ ಅಂದೆ, ಅಯ್ಯೋ ಅದಕ್ಕೇನಂತೆ, ಕಾಲು ಊದೈತೆ ಮಲಕ್ಕೋ ಹೋಗು, ಅಂದಳು, ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಸೀಟಿ ನಿಂತಿದೆ, ಕುಕ್ಕರಿನ ಮುಚ್ಚಳ ತೆಗೆದ ಸದ್ದು, ಒಗ್ಗರಣೆ ಚುಂಯ್ ಅಂತು, ಈಗ, ಈಗ ಕರೆಯಬೇಕು, ಸೌಟು ತಿರುಗುತ್ತಿದೆ, ತಟ್ಟೆ ಮುಚ್ಚಿದಳು. ಕರೆಯಲಿಲ್ಲ. ನಾನೇ ಎದ್ದು ಕೂತೆ, ವಿಜಯಶ್ರೀ ಕಲ್ಲಂಗಡಿ ಹೋಳು ತಂದಿಟ್ಟಳು, ಅವ್ವನ ರೊಟ್ಟಿ ಬಿಚ್ಚಿದಳು, ದೂರದ ಮಸೀದಿಯಿಂದ ಬಾಂಗ್ ಕೇಳಿತು, ನುಜಹತ್ ಖರ್ಜೂರ ಬಾಯಿಗಿಟ್ಟು ನೀರು ಕುಡಿದಳು, ನನ್ನ ಮುಂದೆ ಗಂಜಿ ಬಟ್ಟಲು ಇಟ್ಟಳು, ಪಕ್ಕದಲ್ಲಿ ಉಪ್ಪಿನ ಡಬ್ಬಿಯನ್ನೂ, ಉಪ್ಪು ನೋಡಿಲ್ಲ, ಬೇಕಾದ್ರೆ ಹಾಕ್ಕೋ. ಒಂದು ಚಮಚ ಬಾಯಿಗೆ ಹಾಕಿದೆ. ಸರಿಯಾಗಿದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಕೈಯಂದಾಜಿನಲ್ಲೇ ಹಾಕಿದ್ದಾಳೆ, ಅಂದರೆ ಇಷ್ಟು ದಿನವೂ ಅವಳಿಗೆ ಉಪ್ಪಿನ ಅಳತೆ ಗೊತ್ತಿತ್ತು, ಗೊತ್ತಿದ್ದೂ ಕರೆಯುತ್ತಿದ್ದಳು — ಬಟ್ಟಲಿನ ಪಕ್ಕದಲ್ಲಿ ನನ್ನ ಅಂಗೈ ತಾನಾಗಿ ತೆರೆದುಕೊಂಡಿದೆ, ಆ ಒಂದು ಬಿಸಿ ತೊಟ್ಟು ಬೀಳುವ ಜಾಗ, ಒಣಗಿದೆ.