ಜ್ಯೋತಿಲಕ್ಷ್ಮಿಯ ಮನೆದೇವರು

ಹಸಿರು ಚುಕ್ಕೆ, ಜ್ಯೋತಿಲಕ್ಷ್ಮಿ ಎಂಬ ಹೆಸರಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಹಸಿರು, ಅಂದರೆ ಅವಳು ಮೇಲ್ ತೆರೆದು ಕೂತಿದ್ದಾಳೆ, ಕೂತಿರಲಿ ಎಂದುಕೊಂಡು ಫ್ಯಾಕ್ಟರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮಂಜೇಶ ಸ್ಕ್ರೀನಿನಿಂದ ಕಣ್ಣು ತೆಗೆದರೆ ಅವಳು ಇಲ್ಲೇ ನಿಂತಿದ್ದಾಳೆ, ಗಾಜಿನ ಬಾಗಿಲಾಚೆ, ದುಪಟ್ಟಾದ ಮೇಲೆಲ್ಲ ನೂಲಿನ ಧೂಳು, ಕೈ ಖಾಲಿ — ಬಾಶೆಟ್ಟಿಹಳ್ಳಿಯ ಈ ಗಾರ್ಮೆಂಟ್ಸಿನಲ್ಲಿ ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಾರೆ — ಹಾಗಾದರೆ ಅವಳ ಮೇಲ್ ಒಳಗೆ ಕೂತಿರುವುದು ಯಾರು? ಅಣ್ಣ, ಕಂಪ್ಯೂಟರ್ ಖಾಲಿ ಐತಾ, ಆ ದೂರು ಬರ್ದು ಮೇಲ್‌ನಲ್ಲೇ ಇಟ್ಟಿವ್ನಿ, ಕಳಿಸ್ಬಿಡ್ತೀನಿ ಇವತ್ತು. ಇರಮ್ಮ, ಒಂದ್ನಿಮಿಷ, ಅಂದು ಸ್ಕ್ರೀನನ್ನು ತನ್ನ ಕಡೆಗೆ ತಿರುಗಿಸಿಕೊಂಡ. ದೂರು ಮ್ಯಾನೇಜರ್ ಉಮಾಶಂಕರ್ ಮೇಲೆ, ಶಿಫ್ಟು ಮುಗಿದ ಮೇಲೆ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನೇ ಕ್ಯಾಬಿನ್ನಿಗೆ ಕರೆಸಿ ಬಾಗಿಲು ಹಾಕಿಕೊಳ್ಳುವ ಮಹಾನುಭಾವ, ಅದರಲ್ಲಿ ಇವಳದ್ದಲ್ಲದೆ ಇನ್ನಿಬ್ಬರ ಹೆಸರೂ ಇದೆ, ನಮ್ಮ ಮನೆಯೋರಿಗೆ ತಿಳಿದ್ರೆ ಕೆಲ್ಸ ಬಿಡಿಸ್ತಾರೆ ಕಣೇ ಎಂದು ಅಳುತ್ತಲೇ ಒಪ್ಪಿಕೊಂಡವರು, ಯಾರ್ಯಾರೆಂದು ಇವಳೇ ಮಂಜೇಶನಿಗೆ ಹೇಳಿದ್ದಳು. ಯಾರು ಊದಿದರೋ, ಹೋದ ವಾರವೇ ಉಮಾಶಂಕರ್ ಬಂದು ಟೇಬಲ್ಲಿನ ಮೇಲೆ ಒರಗಿದ್ದ, ಲೇ ಮಂಜೇಶ, ಆ ಹುಡ್ಗಿ ಮೇಲ್ ಒಸಿ ತೆಗ್ದು ತೋರ್ಸೋ. ಆಗಲ್ಲ ಸಾರ್, ಹೆಡ್ಡಾಫೀಸ್ನೋರು ಬರ್ದು ಕೊಡ್ಬೇಕು. ಅಂದುಬಿಟ್ಟಿದ್ದ! ಎದೆ ಉಬ್ಬಿಸಿಕೊಂಡು ಮನೆಗೆ ಹೋಗಿ ಹೆಂಡತಿ ಪದ್ಮಶ್ರೀಗೂ ಹೇಳಿದ್ದ, ಅವಳು ಮುಖ ನೋಡಿ ನಕ್ಕಿದ್ದಳು, ಪರ್ವಾಗಿಲ್ಲ ನಿಮ್ಗೂ ಧೈರ್ಯ ಐತೆ.

ಧೈರ್ಯ ಅಂತೆ, ಮಣ್ಣಂಗಟ್ಟಿ. ನಿನ್ನೆ ಗೇಟಿನ ಮುಂದಿನ ಟೀ ಅಂಗಡಿಯಲ್ಲಿ ಅದೇ ಉಮಾಶಂಕರ್ ಕೋಪವೆಲ್ಲ ಇಳಿದವನ ಹಾಗೆ ಬೋಂಡ ಕೊಡಿಸಿದ, ಜ್ಯೋತಿಲಕ್ಷ್ಮಿ ನಿಮ್ಮೂರು ಕುಂದಾಣದ ಕಡೆಯೋಳಂತಲ್ಲ, ನಮ್ಮಕ್ಕನ ಮಗ ಅವ್ನೆ, ಹೆಣ್ಣು ನೋಡ್ತಾವ್ರೆ, ಅವರ ಮನೆದೇವ್ರು ಯಾವುದಪ್ಪಾ? ಸಪ್ಪಲಮ್ಮ ಸಾರ್, ಅಂದ, ಬೆರಳಿಗಂಟಿದ ಚಟ್ನಿ ನೆಕ್ಕುತ್ತಾ ಅಂದ, ಮನೆದೇವರೇನು ಮುಚ್ಚಿಡುವ ವಿಷಯವೇ, ಸಂಬಂಧ ಕೇಳುವಾಗ ಮೊದಲು ಕೇಳುವುದೇ ಅದನ್ನಲ್ಲವೇ. ಆದರೆ ಈ ಫ್ಯಾಕ್ಟರಿಯ ಪಾಸ್‌ವರ್ಡುಗಳೆಲ್ಲ ಅವನೇ ಇಟ್ಟವು, ದಿನಾ ಮರೆತು ದಿನಾ ಬಂದು ತಲೆ ತಿನ್ನುತ್ತಾರೆಂದು ಅವನೇ ಕಂಡುಹಿಡಿದ ಉಪಾಯ, ಮನೆದೇವರ ಹೆಸರು, ಮುಂದಕ್ಕೆ ಹುಟ್ಟಿದ ವರ್ಷ. ನೀನೇ ಇಡಣ್ಣ, ನಮ್ಗೇನ್ ಗೊತ್ತಾಯ್ತದೆ. ಇಟ್ಟ, ಎಲ್ಲರಿಗೂ ಇಟ್ಟ, ಉಮಾಶಂಕರನಿಗೂ ಹಾಗೇ ಇಟ್ಟುಕೊಟ್ಟಿದ್ದ, ಹುಟ್ಟಿದ ವರ್ಷವಂತೂ ಅವನ ಕ್ಯಾಬಿನ್ನಿನ ಕೆಲಸಗಾರರ ಫೈಲಿನಲ್ಲೇ ಇರುತ್ತದೆ, ಬೇಕಾಗಿದ್ದದ್ದು ದೇವರೊಂದೇ, ಥೂ, ಒಂದು ಬೋಂಡಕ್ಕೆ ಒಪ್ಪಿಸಿಬಿಟ್ಟೆಯಲ್ಲೋ ಮಂಜೇಶ. ಈಗ ಒಂದು ಕ್ಲಿಕ್ ಮಾಡಿದರೆ ಅವನನ್ನು ಹೊರಗೆ ದಬ್ಬಬಹುದು, ದಬ್ಬಿ ಏನು ಬಂತು, ಓದಿದ್ದನ್ನು ಅವನ ತಲೆಯಿಂದ ಅಳಿಸಲಾದೀತೇ, ಆ ಇಬ್ಬರ ಹೆಸರು — ಮೊದಲು ಇವಳಿಗೆ ಹೇಳಬೇಕು, ಜ್ಯೋತಿ, ನನ್ನಿಂದ ತಪ್ಪಾಯ್ತಮ್ಮ ಅನ್ನಬೇಕು, ಅಷ್ಟರಲ್ಲಿ ಇಂಟರ್‌ಕಾಂ ಹೊಡೆದುಕೊಂಡಿತು. ಮಂಜೇಶ, ಜ್ಯೋತಿಲಕ್ಷ್ಮಿ ಅಲ್ಲೇ ನಿಂತವ್ಳಲ್ಲ, ನನ್ನ ಕ್ಯಾಬಿನ್‌ಗೆ ಕಳ್ಸು, ಹಂಗೇ ಆ ಇನ್ನಿಬ್ರಿಗೂ ಹೇಳ್ಕಳ್ಸು, ಹೆಸ್ರು ನಿನಗೆ ಗೊತ್ತಲ್ಲ. ದನಿ ಮೆತ್ತಗಿತ್ತು, ಬೋಂಡ ಕೊಡಿಸಿದಾಗಿನ ಮೆತ್ತಗಿನ ದನಿ. ಯಾರಣ್ಣ ಫೋನು? ಬಾಗಿಲು ತಳ್ಳಿಕೊಂಡು ಅವಳು ಒಳಗೇ ಬಂದಳು, ನಗುತ್ತಾ ಬಂದಳು, ಯಾರಣ್ಣ, ಅಂತ ಮತ್ತೆ ಕೇಳಿದಳು, ಅವನು ತಲೆ ಎತ್ತಲಿಲ್ಲ, ಅವಳ ಹೆಸರು, ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ, ಹಸಿರು ಚುಕ್ಕೆ —